ನೆಲದ ಕಷ್ಟ ಹೇಳಿ ಪಡೆದ ಮೂರು ಅಡಿ

ಪಾಸಾಯಿತು. ಐದು ಜನರಲ್ಲಿ ನಾಲ್ಕು ಜನ ಕೈ ಎತ್ತಿದರು. ನಮ್ಮ ಮನೆಯ ಮಗ್ಗುಲಿಗೆ ಒಂದು ಕೋಣೆ ಕಟ್ಟಬಹುದು, ಅದರ ಒಂದು ಮೂಲೆ ನೆರೆಯವರ ಗಡಿಯ ಕಡೆಗೆ ಕಾಯಿದೆಗಿಂತ ಮೂರು ಅಡಿ ಹೆಚ್ಚಿಗೆ ಸರಿದರೂ ಅಡ್ಡಿಯಿಲ್ಲ ಎಂದು ಈ ಊರಿನ ಪ್ಲಾನಿಂಗ್ ಆಂಡ್ ಝೋನಿಂಗ್ ಬೋರ್ಡು ನಿನ್ನೆ ಸಂಜೆ ಅಪ್ಪಣೆ ಕೊಟ್ಟಿತು. ಬೆಳಿಗ್ಗೆಯಿಂದ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದಾಯಿತು. ನನ್ನ ತಮ್ಮನಿಗೆ, ಬೀಗರಿಗೆ, ನನ್ನ ಜೊತೆ ನಲವತ್ತು ವರ್ಷ ಗಾರೆ ಕಲಸಿದ ಹುಸೇನಸಾಬನಿಗೆ. ಹುಸೇನಸಾಬ ಎಲ್ಲ ಕೇಳಿಸಿಕೊಂಡು, "ಒಂದು ಖೋಲಿ ಕಟ್ಟಾಕ ಇಷ್ಟ್ಯಾಕ ಕುಣ್ಯಾಕತ್ತೀಯೋ ಮಾರಾಯ, ನಾವು ಅರ್ಧಾ ಊರು ಕಟ್ಟೀವಿ" ಎಂದ. ಅವನು ಹೇಳುವುದು ಸುಳ್ಳಲ್ಲ. ಆದರೆ ಆ ಅರ್ಧ ಊರನ್ನು ನಾವು ಯಾರನ್ನೂ ಕೇಳದೆ ಕಟ್ಟಿದ್ದೆವು. ಕೇಳಿ ಕಟ್ಟುವ ಕೋಣೆ ನನ್ನ ಆಯುಷ್ಯದಲ್ಲಿ ಇದೇ ಮೊದಲನೆಯದು. ಕುಣಿಯದೆ ಏನು ಮಾಡಲಿ?

ನಾನು ಗೌಂಡಿ, ಗೋಡೆ ಕಟ್ಟುವವನು. ಗದಗಿನ ಕಡೆಯವನು. ಓದಿದ್ದು ನಾಲ್ಕನೆಯ ಇಯತ್ತೆ. ಇಲ್ಲಿ ಮಗಳ ಮನೆಗೆ ಬಂದ ಮೇಲೆ ಕೈಯಲ್ಲಿ ಗಾರೆ ಬಳಿಯುವ ಥಾಪಿ ಇಲ್ಲದೆ ಬೇಸರವಾಗಿ ಪೆನ್ನು ಹಿಡಿದೆ. ನೋಡಿದರೆ ಎರಡೂ ಹೆಚ್ಚು ಕಡಿಮೆ ಒಂದೇ ಕೆಲಸ. ಒಂದರ ಮೇಲೊಂದು ಇಡುತ್ತ ಹೋಗುವುದು, ನಡುನಡುವೆ ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯೋ ಎಂದು ನೋಡುವುದು. ಮೊಮ್ಮಗಳು ಇಂಚರಾ ಈಗ ಇಲ್ಲಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದಾಳೆ. ಅಂದರೆ ವಿದ್ಯೆಯಲ್ಲಿ ನಾವಿಬ್ಬರೂ ಸಮ. ಬರುವ ವರ್ಷ ಅವಳು ನನ್ನನ್ನು ದಾಟಿ ಹೋಗುತ್ತಾಳೆ, ಅದಕ್ಕೇ ಈ ವರ್ಷವೇ ಬರೆದು ಮುಗಿಸುವ ಅವಸರ.

ಪರದೇಶದ ರಾಲಿ ಎಂಬ ಪಟ್ಟಣದಿಂದ ಅರ್ಧ ಗಂಟೆಯ ದಾರಿಯ ಸಣ್ಣ ಊರು ನಮ್ಮದು. ಮಗಳು ಶೈಲಾ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ಮಂಜುನಾಥ ಮೈಸೂರಿನವರು, ಕಂಪ್ಯೂಟರಿನ ಕೆಲಸ. ಒಳ್ಳೆಯ ಮನೆ, ಆದರೆ ಕಟ್ಟಿದವನು ಮುದುಕರನ್ನು ಮರೆತು ಕಟ್ಟಿದ್ದಾನೆ. ಮಲಗುವ ಕೋಣೆಗಳೆಲ್ಲ ಮೇಲೆ. ನಮ್ಮಾಕಿ, ಅಂದರೆ ನನ್ನ ಹೆಂಡತಿ ನೀಲವ್ವ, ಎರಡೂ ಮೊಣಕಾಲು ಆಪರೇಷನ್ ಮಾಡಿಸಿಕೊಂಡವಳು. ಮೆಟ್ಟಿಲು ಹತ್ತುವಂತಿಲ್ಲ. ಹೀಗಾಗಿ ಒಂದೂವರೆ ವರ್ಷದ ಹಿಂದೆ ಊಟದ ಟೇಬಲ್ಲಿನ ಕಾಲು ಬಿಚ್ಚಿ, ಅದನ್ನು ಗರಾಜಿನ ಗೋಡೆಗೆ ಆನಿಸಿ ನಿಲ್ಲಿಸಿ, ಆ ಜಾಗದಲ್ಲಿ ಅವಳ ಮಂಚ ಹಾಕಿದೆವು. ಸುತ್ತ ಒಂದು ಇಳಕಲ್ ಸೀರೆಯ ಪರದೆ.

ಮಂಚ ಬಂತು, ಊಟ ಹೋಯಿತು. ಉಪವಾಸ ಬಿದ್ದೆವೆಂದಲ್ಲ. ಒಟ್ಟಿಗೆ ಕೂತು ಉಣ್ಣುವುದು ಹೋಯಿತು. ಶೈಲಾ ಒಲೆಯ ಹತ್ತಿರ ನಿಂತೇ ಉಣ್ಣುತ್ತಾಳೆ. ಅಳಿಯಂದಿರು ಕಂಪ್ಯೂಟರಿನ ಮುಂದೆ. ಇಂಚರಾ ಮೆಟ್ಟಿಲಿನ ಮೂರನೆಯ ಹಂತದಲ್ಲಿ ತೊಡೆಯ ಮೇಲೆ ತಾಟು ಇಟ್ಟುಕೊಂಡು. ನಾನು ಮಂಚದ ಅಂಚಿನಲ್ಲಿ, ಹಾಸಿಗೆಗೆ ಸಾರು ಚೆಲ್ಲೀತೆಂದು ಅಂಜುತ್ತ. ಮಾತು ಆಡಬೇಕೆಂದರೆ ಕೂಗಬೇಕು. ಇನ್ನು ಅಡುಗೆಮನೆಗೆ ನೀರು ಕುಡಿಯಲು ಹೋಗುವವರೆಲ್ಲ ನಮ್ಮಾಕಿಯ ಕಾಲ ಬುಡದಲ್ಲೇ ಹಾಯಬೇಕು. ಫೆಬ್ರುವರಿಯಲ್ಲಿ ಒಂದು ದಿನ ಅವಳು ತಣ್ಣಗೆ ಹೇಳಿಬಿಟ್ಟಳು: "ಇದು ಮಲಗೂ ಜಾಗಾ ಅಲ್ಲರೀ, ಬಸ್ ಸ್ಟ್ಯಾಂಡು. ದಸರಾದೊಳಗ ಒಂದು ಬಾಗಲಾ ಇರೂ ಖೋಲಿ ಆಗಲಿಲ್ಲಂದ್ರ ನಾ ಊರಿಗೆ ಹೋಕ್ಕೀನಿ." ನಮ್ಮಾಕಿ ಕೋಪದಲ್ಲಿ ಹೇಳಿದ್ದನ್ನು ಮರೆಯುತ್ತಾಳೆ, ತಣ್ಣಗೆ ಹೇಳಿದ್ದನ್ನು ಮಾಡುತ್ತಾಳೆ. ಅವಳು ಹೋದರೆ ನಾನೂ ಹೋಗಬೇಕು. ಮೊಮ್ಮಗಳು ಇಲ್ಲಿ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿರುತ್ತಾಳೆ, ನಾವು ಅಲ್ಲಿ ಫೋನಿನಲ್ಲಿ ಅವಳ ಹಣೆ ಅಷ್ಟೇ ನೋಡುತ್ತಿರುತ್ತೇವೆ.

ಗೌಂಡಿಗೆ ಒಂದು ಕೋಣೆ ಎಷ್ಟರ ಕೆಲಸ? ಅಳತೆ ಪಟ್ಟಿ ತೆಗೆದುಕೊಂಡು ಹೊರಗೆ ಹೋದೆ. ಅಲ್ಲಿಯೇ ನನ್ನ ಹಳೆಯ ಸಿಟ್ಟು ಮತ್ತೆ ಎದ್ದಿತು. ಅಳಿಯಂದಿರು ಕೊಂಡ ಸೈಟು ಹುಲಿಮುಖದ್ದು. ತಿಳಿಯದವರಿಗಾಗಿ ಹೇಳುತ್ತೇನೆ. ಮುಂದೆ ಸಣ್ಣದಾಗಿ ಹಿಂದೆ ಅಗಲವಾದ ಜಾಗ ಗೋಮುಖ, ಅದು ಮನೆಗೆ ಶುಭ. ಮುಂದೆ ಅಗಲವಾಗಿ ಹಿಂದೆ ಸಣ್ಣದಾಗುತ್ತ ಹೋದರೆ ಹುಲಿಮುಖ, ಅದು ಅಂಗಡಿಗೆ ಆದೀತು, ಮನೆಗೆ ಆಗದು. ನಮ್ಮ ಕಡೆ ಹುಲಿಮುಖದ ಸೈಟನ್ನು ಬೀಗರಿಗೆ ಮಾರುತ್ತಾರೆ ಎಂದು ನಗೆಯ ಮಾತು. ಇಲ್ಲಿ ರಸ್ತೆ ನಮ್ಮ ಜಾಗವನ್ನು ಬಳಸಿ ಬಾಗಿ ಹೋಗುತ್ತದೆ, ಆದ್ದರಿಂದ ಮುಂದೆ ಬಾಯಿ ತೆರೆದು ಹಿಂದೆ ಬಾಲವಾಗಿದೆ. ಸಾಲದ್ದಕ್ಕೆ ಹಿಂದುಗಡೆ ಮಳೆನೀರು ಹರಿಯುವ ತಗ್ಗು. ನಾನು ಇಲ್ಲಿಗೆ ಬಂದ ಮೊದಲನೆಯ ದಿನವೇ ಇದನ್ನು ನೋಡಿ, ಬಾಯಿ ಸುಮ್ಮನಿರದೆ, "ಅಳಿಯಂದ್ರ, ಕೊಳ್ಳೂಮುಂದ ಒಬ್ಬ ಗೌಂಡೀನ ಕೇಳಬೇಕಿತ್ತು" ಎಂದಿದ್ದೆ. ಅವರು ಒಳ್ಳೆಯ ಮನುಷ್ಯ, ನಕ್ಕು ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ನಲ್ಲಿ ಸೋರಿದರೂ, ಅವರಿಗೆ ನೆಗಡಿಯಾದರೂ ಹುಲಿಮುಖದ ಮೇಲೆ ಹಾಕುತ್ತಿದ್ದೆ.

ಇಲ್ಲಿಯ ಕಾಯಿದೆ ಹೀಗೆ: ಗಡಿಯಿಂದ ಹತ್ತು ಅಡಿ ಬಿಟ್ಟು ಕಟ್ಟಬೇಕು. ನಮ್ಮ ಕೋಣೆ ಮುಂದಿನಿಂದ ಸರಿಯಾಗಿಯೇ ಶುರುವಾಗುತ್ತದೆ. ಆದರೆ ಗಡಿ ಓರೆಯಾಗಿ ಒಳಗೆ ಬರುತ್ತ ಬರುತ್ತ ಹಿಂದಿನ ಮೂಲೆಯಲ್ಲಿ ಮೂರು ಅಡಿ ಕಡಿಮೆ ಬೀಳುತ್ತದೆ. ಒಂದೇ ಮೂಲೆ. ನಮ್ಮೂರಲ್ಲಾದರೆ ಆ ಮೂರು ಅಡಿಗೆ ಒಂದು ಚಹಾ ಕುಡಿಸಿ ಮುಗಿಸುತ್ತಿದ್ದರು, ಇಲ್ಲವೇ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಿದ್ದರು. ಇಲ್ಲಿ ನಡುವಿನದೊಂದು ದಾರಿ ಇದೆ, ಅದರ ಹೆಸರು ಬೋರ್ಡು.

ಬೋರ್ಡು ಎಂದರೆ ದೊಡ್ಡ ಸಾಹೇಬರೆಂದು ನಾನು ತಿಳಿದಿದ್ದೆ. ಅಲ್ಲ. ಅಧ್ಯಕ್ಷೆ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದ ಹೆಂಗಸು. ಒಬ್ಬ ಗೆಣಸು ಬೆಳೆಯುವವನು. ಒಬ್ಬ ಹಳೆಯ ಸರ್ವೇಯರ್, ಜಮೀನು ಅಳೆದೇ ಮುದುಕನಾದವನು. ಬಣ್ಣದ ಅಂಗಡಿಯವನೊಬ್ಬ. ಇನ್ನೊಬ್ಬಳು ಯಾವಾಗಲೂ ನಗುಮುಖದ, ಬಿಳಿ ಕೂದಲಿನ ಹೆಂಗಸು. ಸಂಬಳವಿಲ್ಲ. ತಿಂಗಳಿಗೊಂದು ಮಂಗಳವಾರ ಸಂಜೆ ನಾಲ್ಕಕ್ಕೆ ಟೌನ್ ಹಾಲಿನಲ್ಲಿ ಸೇರಿ, ಯಾರ ಗೋಡೆ ಎಲ್ಲಿಗೆ ಬರಬೇಕೆಂದು ಕೂತು ಯೋಚಿಸುತ್ತಾರೆ. ಅರ್ಜಿ ಕೊಡಲು ಹೋದಾಗ ಆ ಹಾಲಿನ ಗೋಡೆಯ ಮೇಲೆ ಊರಿನ ನಕ್ಷೆ ನೋಡಿದೆ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು, ಹೊಲಕ್ಕೆ ಹಸಿರು. ಯಾರು ಎಲ್ಲಿರಬೇಕೆಂದು ಬಣ್ಣ ಬಳಿದು ಇಟ್ಟಿದ್ದಾರೆ. ನೋಡುತ್ತ ನಿಂತಾಗ ನೆನಪಾಯಿತು, ನಮ್ಮೂರಲ್ಲೂ ಇಂಥದೊಂದು ನಕ್ಷೆ ಇತ್ತು. ಕಾಗದದ ಮೇಲೆ ಇರಲಿಲ್ಲ, ಅಷ್ಟೇ. ಯಾವ ಓಣಿಯಲ್ಲಿ ಯಾರು ಮನೆ ಕಟ್ಟಬೇಕು, ಯಾರ ಕಟ್ಟೆಯ ಮೇಲೆ ಯಾರು ಕೂಡಬಾರದು ಎಂಬುದು ಎಳೆಮಕ್ಕಳಿಗೂ ಬಾಯಿಪಾಠ. ಎಲ್ಲ ಓಣಿಗಳಲ್ಲೂ ಗೋಡೆ ಎತ್ತಿದವನು ನಾನು, ಗೃಹಪ್ರವೇಶದ ದಿನ ಕೆಲವು ಮನೆಗಳ ಹೊಸ್ತಿಲಿನ ಹೊರಗೇ ನಿಂತು ಹಣ್ಣು ಕಾಯಿ ತೆಗೆದುಕೊಂಡವನು. ಆ ಗೆರೆ ದಾಟಲು ಅರ್ಜಿ ಕೊಡುವ ಕಚೇರಿಯೇ ಇರಲಿಲ್ಲ. ಇಲ್ಲಿ ಗೆರೆ ಕಾಣುತ್ತದೆ, ಅರ್ಜಿಯೂ ಕೊಡಬಹುದು. ಕಾಣುವ ಗೆರೆ ಎಷ್ಟೋ ವಾಸಿ ಎಂದುಕೊಂಡೆ.

ಅರ್ಜಿಯಲ್ಲಿ ಒಂದು ಪ್ರಶ್ನೆ: ನಿಮಗಿರುವ ಕಷ್ಟ ಏನು? ನಾನು ಬಹಳ ಹುರುಪಿನಿಂದ ನಮ್ಮಾಕಿಯ ಮೊಣಕಾಲಿನ ಕಥೆಯನ್ನೆಲ್ಲ ಹೇಳಿ ಬರೆಯಿರಿ ಎಂದೆ. ಎಕ್ಸ್‌ರೇ ಕೂಡ ಹಚ್ಚೋಣ ಎಂದೆ. ಅಳಿಯಂದಿರು ತಲೆ ಕೆರೆದುಕೊಂಡರು. "ಮಾವ, ಪ್ಲಾನರ್ ಕ್ಲಿಯರ್ ಆಗಿ ಹೇಳಿದಾರೆ. ನಮ್ಮ ಅರ್ಜೀಲಿ ಕಷ್ಟ ಮನುಷ್ಯರದ್ದಾದ್ರೆ ಸಾಲಲ್ಲ, ಜಾಗದ್ದಿರಬೇಕು. ಆ ಜಾಗದಲ್ಲೇ ಏನೋ ತೊಂದ್ರೆ ಇದೆ ಅಂತ ಪ್ರೂವ್ ಮಾಡ್ಬೇಕು" ಎಂದರು. ಪ್ಲಾನರ್ ಎಂದರೆ ಟೌನ್ ಕಚೇರಿಯಲ್ಲಿ ಅರ್ಜಿ ನೋಡುವ ಹುಡುಗಿ.

ನಾನು ಒಂದು ದಿನವೆಲ್ಲ ಇದನ್ನೇ ಯೋಚಿಸಿದೆ. ಮನುಷ್ಯರ ಕಷ್ಟ ಕೇಳುವವರು ಬಹಳ ಜನ ಇದ್ದಾರೆ. ದೇವರಿದ್ದಾನೆ, ಡಾಕ್ಟರಿದ್ದಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿದ್ದಾರೆ. ನೆಲದ ಕಷ್ಟ ಕೇಳಲು ಐದು ಜನರನ್ನು ಕೂಡಿಸಿದ ಊರನ್ನು ನಾನು ಕಂಡಿರಲಿಲ್ಲ. ಅದೂ ಅಲ್ಲದೆ, ಐದರಲ್ಲಿ ಮೂರು ಸಾಲದಂತೆ, ನಾಲ್ಕು ಕೈ ಏಳಲೇಬೇಕಂತೆ. ನನಗೆ ಅಂಜಿಕೆಯಾಗಿ, ಅಧ್ಯಕ್ಷೆಯ ಮನೆಗೆ ಹೋಗಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಮಾತಾಡಿಸಿ ಬರೋಣವೆಂದು ಹೊರಟೆ. ಅಳಿಯಂದಿರು ಬಾಗಿಲಲ್ಲೇ ಡಬ್ಬಿ ಹಿಡಿದುಕೊಂಡರು. ಸಭೆಗೆ ಮೊದಲು ಅವರನ್ನು ಯಾರೂ ಕಂಡು ಮಾತಾಡಬಾರದಂತೆ. ಹೋಳಿಗೆ ನಾವೇ ತಿಂದೆವು, ಒಬ್ಬೊಬ್ಬರು ಒಂದೊಂದು ಕಡೆ ಕೂತು.

ಹೋಳಿಗೆಯನ್ನು ತಡೆದರು, ನನ್ನನ್ನು ತಡೆಯಲಿಲ್ಲ. ತಪ್ಪು ಮಾಡುವವನು ಡಬ್ಬಿ ಇಲ್ಲದೆಯೂ ಮಾಡುತ್ತಾನೆ. ಊರಿನ ಅಯ್ಯನವರಿಗೆ ಫೋನ್ ಮಾಡಿ ಬುನಾದಿಗೆ ಒಳ್ಳೆಯ ದಿನ ಕೇಳಿದೆ. ಮುಂದಿನ ಶುಕ್ರವಾರ ಬಿಟ್ಟರೆ ದಸರಾದವರೆಗೆ ಒಳ್ಳೆಯ ಮುಹೂರ್ತವಿಲ್ಲ ಎಂದರು. ಸಭೆ ಇರುವುದು ಐದು ವಾರದ ಮೇಲೆ. ನಾನು ಲೆಕ್ಕ ಹಾಕಿದೆ: ಕಟ್ಟುವುದಕ್ಕೆ ತಾನೇ ಬೋರ್ಡಿನ ಅಪ್ಪಣೆ ಬೇಕು? ಪೂಜೆ ಮಾಡುವುದಕ್ಕೆ ಬೇಡವಲ್ಲ? ಗುದ್ದಲಿ ಪೂಜೆ ಮುಗಿಸಿ ಇಟ್ಟರೆ ಮುಹೂರ್ತ ನಮ್ಮದಾಗಿರುತ್ತದೆ, ಕೆಲಸ ಯಾವಾಗಲಾದರೂ ಶುರುವಾಗಲಿ.

ಶುಕ್ರವಾರ ಬೆಳಿಗ್ಗೆ ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ, ಸೈಟಿನ ಈಶಾನ್ಯ ಮೂಲೆಯಲ್ಲಿ, ಮನೆಯ ಹಿಂದಿನ ತಗ್ಗಿನ ಹತ್ತಿರ, ಒಂದು ಕೊಡ ಕೂಡುವಷ್ಟು ಕುಣಿ ತೋಡಿದೆ. ಕೋಣೆ ಕಟ್ಟುವುದು ಆ ಕಡೆ ಅಲ್ಲವೇ ಅಲ್ಲ, ಆದರೆ ಪೂಜೆಗೆ ಈಶಾನ್ಯವೇ ಆಗಬೇಕು. ನಮ್ಮಾಕಿ ಕುರ್ಚಿಯ ಮೇಲೆ ಕೂತೇ ಅರಿಶಿನ ಕುಂಕುಮ ಹಾಕಿದಳು, ನವಧಾನ್ಯ ಉದುರಿಸಿದಳು. ನಾನು ಕಾಯಿ ಒಡೆದೆ. ಲಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ನಾಲ್ಕು ದಿಕ್ಕಿಗೆ ಇಟ್ಟೆ. ಮನಸ್ಸು ತಣ್ಣಗಾಯಿತು.

ಕೋಣೆ ಬರುವ ಮಗ್ಗುಲಿಗೆ, ಎಡಗಡೆಯ ಮನೆಯಲ್ಲಿ, ಕರ್ಟಿಸ್ ಎಂಬ ಯಜಮಾನ ಇದ್ದಾನೆ. ನನಗಿಂತ ಎರಡು ವರ್ಷ ಹಿರಿಯ, ಶಾಲೆಯ ಬಸ್ಸು ನಡೆಸುತ್ತಿದ್ದವನು. ನಾವಿಬ್ಬರೂ ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಕೈ ಎತ್ತುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅವನು ಬೇಲಿಯ ಆಚೆಯಿಂದ ಏನು ಕಂಡಿರಬೇಕು ನೀವೇ ಯೋಚಿಸಿ. ಅಪ್ಪಣೆಯೇ ಬಾರದ ಜಾಗದಲ್ಲಿ ನೆಲ ಅಗೆದಿದ್ದಾರೆ, ಕೆಂಪು ಪುಡಿ ಚೆಲ್ಲಿದೆ, ಕೊಯ್ದ ಲಿಂಬೆಹಣ್ಣು, ಒಡೆದ ಕಾಯಿ. ಟೌನ್ ಕಚೇರಿಗೆ ಫೋನ್ ಮಾಡಿದ. ನಾನಿದ್ದರೂ ಮಾಡುತ್ತಿದ್ದೆ.

ಶುಕ್ರವಾರದಿಂದಲೇ ಮಳೆ ಹಿಡಿಯಿತು. ಸೋಮವಾರ ಮಳೆ ನಿಂತಿತು, ಶುಕ್ರವಾರ ಅಧಿಕಾರಿ ಬಂದು, ಫೋಟೋ ತೆಗೆದು, ಕುಣಿಯ ಪಕ್ಕದಲ್ಲಿ ಒಂದು ಗೂಟ ನೆಟ್ಟು, ಅದಕ್ಕೆ ಕಿತ್ತಳೆ ಬಣ್ಣದ ಕಾಗದ ಹೊಡೆದು ಹೋದ. ಕೆಲಸ ನಿಲ್ಲಿಸಿ ಎಂದು ಅದರ ಅರ್ಥ. ಸಂಜೆ ಅಳಿಯಂದಿರು ಬ್ಯಾಗು ಕೆಳಗಿಡದೆ ನೇರವಾಗಿ ನನ್ನ ಹತ್ತಿರ ಬಂದರು. ಸಿಟ್ಟು ಮಾಡುವವರಲ್ಲ, ಆದರೆ ಅಂದು ನಿಂತಲ್ಲೇ ಕೇಳಿದರು. "ಮಾವ, ಪರ್ಮಿಟ್ ಇಲ್ದೆ ಅಗೆದಿದಾರೆ ಅಂತ ನಮ್ ಫೈಲಲ್ಲಿ ಬಂದ್ಬಿಟ್ಟಿದೆ. ಇನ್ನು ಬೋರ್ಡ್‌ನೋರು ನಮ್ಮನ್ನ ಹ್ಯಾಗೆ ನಂಬ್ತಾರೆ? ಹೋಗ್ಲಿ, ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ವಾ?"

ನಾನು ಅವರಿಗೆ ಒಂದೂವರೆ ವರ್ಷದಿಂದ ಹೇಳಿದ ಮಾತೇ ತಿರುಗಿ ಬಂದಿತ್ತು. ಕೊಳ್ಳುವಾಗ ನನ್ನನ್ನು ಕೇಳಬೇಕಿತ್ತು ಎಂದವನು ನಾನು. ಈಗ ಅಗೆಯುವಾಗ ಕೇಳಬೇಕಿದ್ದವನೂ ನಾನೇ. ನಮ್ಮಾಕಿ ಪರದೆಯ ಒಳಗಿನಿಂದ, "ಹುಲಿಮುಖಾ ಸೈಟಿಗಿಲ್ಲ, ನಮ್ಮ ಯಜಮಾನ್ರಿಗೈತಿ" ಎಂದಳು. ಅವತ್ತು ಯಾರೂ ಹೆಚ್ಚು ಉಣ್ಣಲಿಲ್ಲ.

ಆ ಕುಣಿಯನ್ನು ಮುಚ್ಚುವಂತೆಯೂ ಇಲ್ಲ, ಮುಟ್ಟುವಂತೆಯೂ ಇಲ್ಲ. ದಿನಾ ದೂರದಿಂದ ನೋಡುತ್ತಿದ್ದೆ. ಈ ಕಡೆಯ ಕೆಂಪು ಜೇಡಿಮಣ್ಣು ನೀರು ಕುಡಿಯುವುದಿಲ್ಲ, ಹಿಡಿದುಕೊಂಡು ಕೂಡುತ್ತದೆ. ಫೋಟೋ ತೆಗೆಯುವ ಹೊತ್ತಿಗೆ ಮಳೆ ನಿಂತು ನಾಲ್ಕು ದಿನವಾಗಿತ್ತು, ಆದರೂ ಕುಣಿಯಲ್ಲಿ ಅಂಚಿನವರೆಗೆ ನೀರು, ಅದರಲ್ಲಿ ಎರಡು ಕಾಯಿಯ ಹೋಳು ದೋಣಿಯಂತೆ ತೇಲುತ್ತಿದ್ದವು. ಒಂದು ಬೆಳಿಗ್ಗೆ ಇಂಚರಾ ಓಡಿ ಬಂದು, "ಅಜ್ಜಾ, ನಿಮ್ಮ ಹೋಲ್ ಹತ್ರ ಪ್ಲಾಂಟ್ಸ್ ಬಂದಿದೆ. ಇಟ್ಸ್ ನಾಟ್ ಸ್ಟಾಪಿಂಗ್" ಎಂದಳು. ಹೋಗಿ ನೋಡಿದರೆ ಕುಣಿಯ ದಂಡೆಗೆ ಬಿದ್ದಿದ್ದ ಹೆಸರುಕಾಳು ಮೊಳಕೆ ಒಡೆದು ಎರಡೆಲೆ ಬಿಟ್ಟಿತ್ತು, ಕೆಲಸ ನಿಲ್ಲಿಸಿ ಎಂಬ ಕಾಗದದ ಬುಡದಲ್ಲೇ. ಅದಕ್ಕೆ ಓದು ಬರುವುದಿಲ್ಲ, ಪಾಪ.

ನಿನ್ನೆ ಸಭೆ. ನಮ್ಮಾಕಿ ಕೋಲು ಹಿಡಿದು ಬಂದಳು, ಇಂಚರಾಗೆ ಬೇಸಿಗೆಯ ರಜೆ, ಅವಳೂ ಬಂದಳು. ಶೈಲಾ ಆಸ್ಪತ್ರೆಯಿಂದ ನೇರವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತಳು. ನಮಗಿಂತ ಮೊದಲು ಒಂದು ಹುಂಜದ ಅರ್ಜಿ. ಒಬ್ಬ ಹೆಂಗಸು ಮನೆಯಲ್ಲಿ ಕೋಳಿ ಸಾಕಿದ್ದಾಳೆ, ಅವುಗಳ ಜೊತೆ ಒಂದು ಹುಂಜ ಇಟ್ಟುಕೊಳ್ಳಬೇಕಂತೆ. ಅರ್ಧ ಗಂಟೆ ವಿಚಾರಣೆ. ಪಕ್ಕದ ಮನೆಯವರು ಬಂದು ಸಾಕ್ಷಿ ಹೇಳಿದರು. ಕೊನೆಗೆ ಅಧ್ಯಕ್ಷೆ, ಕೋಳಿಗೆ ಕಾಯಿದೆಯಲ್ಲಿ ಜಾಗವಿದೆ, ಹುಂಜಕ್ಕೆ ಜಾಗ ಕೊಡುವ ಅಧಿಕಾರ ನಮಗೇ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು. ಬರೀ ಕೂಗುವ ಹುಂಜಕ್ಕೇ ಹೀಗಾದರೆ, ಅಗೆದ ಗೌಂಡಿಗೆ ಏನು ಗತಿ?

ನಮ್ಮ ಸರದಿ ಬಂತು. ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇವೆಂದು ಪ್ರಮಾಣ ಮಾಡಿಸಿದರು. ಅಳಿಯಂದಿರು ನಕ್ಷೆ ತೋರಿಸಿ, ಜಾಗ ಓರೆಯಾಗಿದೆ, ಒಂದೇ ಮೂಲೆ ತಾಕುತ್ತದೆ ಎಂದು ಚೆನ್ನಾಗಿ ಹೇಳಿದರು. ನಾನು ಹುಲಿಮುಖ ಎಂದು ಮೂದಲಿಸಿದ್ದನ್ನೇ ಅವರು ಅಲ್ಲಿ ನಿಂತು ನಮ್ಮ ಆಧಾರವಾಗಿ ಹೇಳುತ್ತಿದ್ದರು. ನನಗೆ ಮುಖ ಎತ್ತಲು ಆಗಲಿಲ್ಲ. ಸಮಚೌಕದ ಇಲ್ಲವೇ ಗೋಮುಖದ ಸೈಟಾಗಿದ್ದರೆ ಈ ಅರ್ಜಿಗೆ ಕಾಲೇ ಇರುತ್ತಿರಲಿಲ್ಲ.

ಆದರೆ ಆ ಹಳೆಯ ಸರ್ವೇಯರ್ ಕನ್ನಡಕ ಇಳಿಸಿ ಕೇಳಿದ: ಹಿಂದುಗಡೆ ಜಾಗ ಖಾಲಿಯಿದೆಯಲ್ಲ, ಅಲ್ಲಿ ನೆರೆಯವರೂ ಇಲ್ಲ, ಕೋಣೆಯನ್ನು ಅಲ್ಲಿಗೇ ಸರಿಸಿದರೆ ಏನು ತೊಂದರೆ? ಅಳಿಯಂದಿರು ತಡವರಿಸಿದರು. ಅಲ್ಲಿ ತಗ್ಗಿದೆ ಎಂದರು. ತಗ್ಗಿದೆ ಎಂದರೆ ಎಷ್ಟು, ತೋರಿಸಿ ಎಂದ ಸರ್ವೇಯರ್. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಸರ್ವೇಯರ್ ಬರೆದುಕೊಳ್ಳಲು ತಲೆ ಬಗ್ಗಿಸಿದ. ಹಾಗೆ ತಲೆ ಬಗ್ಗಿಸುವುದನ್ನು ನಾನು ಬಲ್ಲೆ, ಮೇಸ್ತ್ರಿ ಗೋಡೆ ಕೆಡವು ಎನ್ನುವ ಮೊದಲು ಹಾಗೆಯೇ ಬಗ್ಗಿಸುತ್ತಾನೆ.

ಅಷ್ಟರಲ್ಲಿ ಪ್ಲಾನರ್ ಹುಡುಗಿ, ಈ ಫೈಲಿನಲ್ಲಿ ಒಂದು ದೂರೂ ಇದೆ ಎಂದು ಫೋಟೋವನ್ನು ದೊಡ್ಡ ಪರದೆಯ ಮೇಲೆ ಹಾಕಿದಳು. ನನ್ನ ಕುಣಿ ಗೋಡೆಯಷ್ಟು ದೊಡ್ಡದಾಗಿ ಬಂತು. ಮಳೆಗೆ ಮಾಸಿದ ಕುಂಕುಮ, ಲಿಂಬೆಹಣ್ಣು, ನೀರಿನಲ್ಲಿ ತೇಲುವ ಕಾಯಿ. ಇದನ್ನು ಅಗೆದವರು ಯಾರು ಎಂದು ಅಧ್ಯಕ್ಷೆ ಕೇಳಿದರು.

ನಾನು ಎದ್ದು ನಿಂತೆ. ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅಳಿಯಂದಿರು ಇಂಗ್ಲಿಷ್ ಮಾಡುತ್ತ ಬಂದರು. "ನಾನರೀ ಅಗದಾಂವ. ಮನಿ ಕಟ್ಟಾಕ ಅಲ್ಲ. ನಮ್ಮ ಕಡೆ ಮೊದಲ ಭೂಮಿತಾಯಿನ್ನ ಕೇಳತೀವಿ, ಆಮ್ಯಾಲ ಊರ ಮಂದಿನ್ನ. ನಾ ತಾಯಿನ್ನ ಕೇಳಾಕ ಹೋದೆ, ನಿಮ್ಮನ್ನ ಮೊದಲ ಕೇಳಬೇಕಿತ್ತು. ತಪ್ಪಾತು."

ಗೆಣಸು ಬೆಳೆಯುವವನು ಮೊದಲ ಸಲ ಬಾಯಿ ಬಿಟ್ಟ. ಅವನ ಕೈ ನೋಡಿದೆ, ಉಗುರಿನ ಸಂದಿಯಲ್ಲಿ ಮಣ್ಣು. ನೆಲ ಏನು ಹೇಳಿತು ಎಂದು ಕೇಳಿದ. ನಗಲಿಕ್ಕೆ ಕೇಳಿದನೋ ನಿಜವಾಗಿ ಕೇಳಿದನೋ ತಿಳಿಯಲಿಲ್ಲ, ನಾನು ನಿಜವಾಗಿಯೇ ಉತ್ತರ ಕೊಟ್ಟೆ. "ಇಲ್ಲಿ ಬ್ಯಾಡ ಅಂತರೀ. ಫೋಟೋ ನೋಡ್ರಿ. ಮಳಿ ನಿಂತು ನಾಕು ದಿನಾ ಆದ್ರೂ ನೀರು ಹಂಗಽ ನಿಂತಿತ್ತು. ಇಲ್ಲಿ ಬುನಾದಿ ಹಾಕಿದ್ರ ಗ್ವಾಡಿ ನೀರು ಕುಡೀತೈತಿ. ಮಗ್ಗಲಕ್ಕ ಕಟ್ಟಂತ ಹೇಳತೈತಿ ನೆಲಾ."

ಅಳಿಯಂದಿರು ಅನುವಾದ ಮಾಡುತ್ತ ಮಾಡುತ್ತ ನಡುವೆ ನಿಂತರು. ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಧ್ವನಿ ಎತ್ತರಿಸಿ ಹೇಳಿ ಮುಗಿಸಿದರು. ಸರ್ವೇಯರ್ ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿ ಎಂದ. ನೀರಿನ ಮಟ್ಟ ನೋಡಿದ, ತೇಲುವ ಕಾಯಿಯನ್ನು ಬಹಳ ಹೊತ್ತು ನೋಡಿದ. ತೋರಿಸಿ ಎಂದಿದ್ದನಲ್ಲ, ತೋರಿಸಿದಂತಾಯಿತು. ನಮ್ಮ ಮೇಲಿನ ದೂರಿನ ಕಾಗದವೇ ನಮ್ಮ ನೆಲದ ಪರವಾಗಿ ಸಾಕ್ಷಿ ಹೇಳಿತ್ತು.

ಆಮೇಲೆ ಕರ್ಟಿಸ್ ಎದ್ದ. ನಾನು ದೇವರೇ ಎಂದುಕೊಂಡೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಆ ತಾಯಿಗೆ ಕೋಣೆಯಾದರೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಆದರೆ ಈಗಾಗಲೇ ನನ್ನ ಮನೆಯ ಕೆಳಗೆ ನೀರು ನುಗ್ಗುತ್ತದೆ, ಇವರ ಮಾಡಿನ ನೀರೂ ನನ್ನ ಕಡೆಗೆ ಬಿದ್ದರೆ ನಾನೆಲ್ಲಿಗೆ ಹೋಗಲಿ ಎಂದ. ಇಷ್ಟೇ. ಒಂದೂವರೆ ವರ್ಷ ಕೈ ಎತ್ತಿಕೊಂಡು ಓಡಾಡಿದೆವು, ಅವನಿಗೆ ನೀರಿನ ಚಿಂತೆಯಿದೆ ಎಂದು ನನಗೆ ಗೊತ್ತಿರಲಿಲ್ಲ, ನಮಗೆ ಮಂಚದ ಚಿಂತೆಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ಮಾಳಿಗೆಯ ನೀರು ಯಾರ ಕಡೆ ಬೀಳಬೇಕೆಂದು ಅಣ್ಣ ತಮ್ಮಂದಿರೇ ಮಾತು ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಗೌಂಡಿಗೆ ಗುರು ಕಲಿಸುವ ಮೊದಲ ಪಾಠವೇ ಅದು: ನಿನ್ನ ಮಾಡಿನ ನೀರು ನಿನ್ನ ಅಂಗಳದಲ್ಲೇ ಬೀಳಲಿ. ಇಳಿಜಾರು ನಮ್ಮ ಕಡೆಗೇ ಮಾಡುತ್ತೇವೆ ಎಂದು ನಾನು ಕೈಯಿಂದಲೇ ತೋರಿಸಿದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಕರ್ಟಿಸ್ ತಲೆಯಾಡಿಸಿ ಕೂತ. ಅಧ್ಯಕ್ಷೆ ಅದನ್ನು ಷರತ್ತು ಎಂದು ಬರೆಸಿದರು.

ಇನ್ನು ಮೇಲೆ ಯಾರೂ ಮಾತಾಡುವಂತಿಲ್ಲ ಎಂದು ಹೇಳಿ, ಐದೂ ಜನ ನಮ್ಮ ಮುಂದೆಯೇ ಕೂತು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಇದೇ ನನಗೆ ಬಹಳ ಸೋಜಿಗವೆನಿಸಿದ್ದು. ನಾನು ಕಂಡ ಕಚೇರಿಗಳಲ್ಲಿ ಯೋಚನೆ ಒಳಗಿನ ಕೋಣೆಯಲ್ಲಿ ನಡೆಯುತ್ತದೆ, ಹೊರಗೆ ಬರುವುದು ಮುದ್ರೆ ಮಾತ್ರ. ಇವರು ಹೊಯ್ದಾಡುವುದನ್ನೂ ನಮ್ಮ ಕಣ್ಣೆದುರೇ ಹೊಯ್ದಾಡುತ್ತಾರೆ. ಕೊನೆಗೆ ಒಪ್ಪುವವರು ಕೈ ಎತ್ತಿ ಎಂದರು. ಅಧ್ಯಕ್ಷೆಯ ಕೈ ಎದ್ದಿತು. ಗೆಣಸಿನವನದು ಎದ್ದಿತು. ಬಣ್ಣದ ಅಂಗಡಿಯವನದು ಎದ್ದಿತು. ಮೂರು. ಶುರುವಿನಿಂದ ನಮ್ಮನ್ನು ನೋಡಿ ನಗುತ್ತಿದ್ದ ಬಿಳಿ ಕೂದಲಿನ ಹೆಂಗಸು ನಗುನಗುತ್ತಲೇ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕಾಯಿದೆಯ ಹತ್ತು ಅಡಿ ಹತ್ತೇ ಇರಬೇಕು ಎಂಬುದು ಅವಳ ಮಾತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಗೋಡೆ ಎತ್ತುವಾಗ ಒಬ್ಬ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಹಿಡಿದೇ ಇರಬೇಕು, ಅವನಿಗೆ ದಯೆ ದಾಕ್ಷಿಣ್ಯ ಇರಬಾರದು. ಆದರೆ ಆಗ ನನಗೆ ಇದೆಲ್ಲ ಹೊಳೆಯಲಿಲ್ಲ. ಉಳಿದದ್ದು ಸರ್ವೇಯರ್‌ನ ಕೈ. ಅದು ಪೆನ್ನು ಕೆಳಗಿಟ್ಟಿತು. ಕನ್ನಡಕ ಮೇಲೇರಿಸಿತು. ಅವನು ಇನ್ನೊಮ್ಮೆ ಪರದೆಯ ಕಡೆ ನೋಡಿದ, ಆಮೇಲೆ ಕೈ ಮೇಲೆದ್ದಿತು.

ನಮ್ಮಾಕಿ ನನ್ನ ಮೊಣಕೈ ಹಿಡಿದು, "ಆತೇನ್ರಿ?" ಎಂದಳು. ನಾನು ನಾಲ್ಕು ಬೆರಳು ಎತ್ತಿ ತೋರಿಸಿದೆ. ಅವಳ ಮೊಣಕಾಲಿನ ಹೆಸರನ್ನು ಯಾರೂ ಎತ್ತಲಿಲ್ಲ. ನೆಲದ ಕಷ್ಟವನ್ನಷ್ಟೇ ಹೇಳಿದೆವು, ಅವಳ ಕಷ್ಟ ತಾನಾಗಿ ತೀರಿತು. ನಾವು ಬೇರೆಯವರ ಮುಂದೆ ಯಾವಾಗಲೂ ನಮ್ಮದೇ ಹೇಳುತ್ತೇವೆ. ಕಾಲ ಕೆಳಗಿನದು ಏನು ಹೇಳುತ್ತಿದೆ ಎಂದು ಒಮ್ಮೆ ಬಗ್ಗಿ ನೋಡಿದರೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೋ ಏನೋ. ಇದು ನಾಲ್ಕನೆಯ ಇಯತ್ತೆಯವನ ವೇದಾಂತ, ಬೇಕಾದಷ್ಟೇ ತೆಗೆದುಕೊಳ್ಳಿ.

ಕಾರಿನಲ್ಲಿ ಬರುವಾಗ ನಾನು ಮುಂದಿನ ಸೀಟಿನಲ್ಲಿ ಕೂತು ಅಳಿಯಂದಿರಿಗೆ ಹೇಳಿದೆ: "ಸೈಟು ಛಲೋ ಆರಿಸೀರಿ." ಅವರು ರಸ್ತೆ ನೋಡುತ್ತಲೇ, "ಕೊಳ್ಳೋವಾಗ ಗೌಂಡೀನ ಕೇಳ್ಲಿಲ್ಲ ಮಾವ, ಅದಕ್ಕೇ ಸರಿಯಾಯ್ತು" ಎಂದರು. ಹಿಂದಿನ ಸೀಟಿನಲ್ಲಿ ನಮ್ಮಾಕಿಯೂ ಮೊಮ್ಮಗಳೂ ನಕ್ಕ ನಗೆ ಇನ್ನೂ ಕಿವಿಯಲ್ಲಿದೆ.

ಬಿಸಿಲು ಇನ್ನೂ ಇತ್ತು, ಇಲ್ಲಿ ಬೇಸಿಗೆಯ ಸಂಜೆ ಬಹಳ ಉದ್ದ. ನಾನು ನಾಲ್ಕು ಗೂಟ ತಂದು, ಅಳಿಯಂದಿರಿಗೆ ತೋರಿಸಿ, ಕಾಯಿದೆಯ ಪುಸ್ತಕ ನೋಡಿ ಹೇಳಿ, ಗೂಟ ಹೊಡೆಯಬಹುದೋ ಎಂದು ಕೇಳಿದೆ. ಗೂಟ ಹೊಡೆದು ದಾರ ಕಟ್ಟಲು ಪರ್ಮಿಟ್ ಬೇಡ ಎಂದರು. ಕೋಣೆಯ ಅಳತೆಗೆ ದಾರ ಕಟ್ಟಿದೆ. ಹುಲ್ಲಿನ ಮೇಲೆ ಗೋಡೆಯಿಲ್ಲದ ಕೋಣೆ ಎದ್ದು ನಿಂತಿತು. ನಮ್ಮಾಕಿ ಬಾಗಿಲು ಬರುವ ಕಡೆಯಿಂದಲೇ ಒಳಗೆ ಬಂದಳು, ದಾರ ದಾಟಿ ಬರಲಿಲ್ಲ. ಮಂಚ ಇಲ್ಲಿ, ಕಿಟಕಿ ಅಲ್ಲಿ, ದೇವರು ಆ ಗೂಡಿನಲ್ಲಿ ಎಂದು ಕೋಲಿನಿಂದ ತೋರಿಸಿದಳು. ಆಮೇಲೆ ಶೈಲಾಗೆ, "ಆ ಟೇಬಲ್ಲು ಹೊರಗ ತಗೀರಿ. ಇವತ್ತ ನನ್ನ ಖೋಲ್ಯಾಗ ಊಟ" ಎಂದಳು.

ಗರಾಜಿನ ಗೋಡೆಗೆ ಒಂದೂವರೆ ವರ್ಷ ಆನಿಕೊಂಡು ನಿಂತಿದ್ದ ಟೇಬಲ್ಲಿಗೆ ಅಳಿಯಂದಿರೂ ನಾನೂ ಸೇರಿ ಕಾಲು ಜೋಡಿಸಿದೆವು. ಧೂಳು ಒರೆಸಿ ದಾರದ ಒಳಗೆ ಇಟ್ಟೆವು. ಶೈಲಾ ಜೋಳದ ರೊಟ್ಟಿ ಬಡಿದಳು, ಎಣ್ಣೆಗಾಯಿ ಇತ್ತು, ಗಟ್ಟಿ ಮೊಸರಿತ್ತು. ಅವಳು ಬೆಳಿಗ್ಗೆಯೇ, ಗೆದ್ದರೆ ಇರಲಿ, ಸೋತರೂ ಇರಲಿ ಎಂದು ಶೇಂಗಾ ಹೋಳಿಗೆ ಮಾಡಿ ಇಟ್ಟಿದ್ದಳಂತೆ. ಅದರಲ್ಲಿ ನಾಲ್ಕನ್ನು ಇಂಚರಾ ಬೇಲಿಯ ಮೇಲಿಂದ ಕರ್ಟಿಸ್‌ಗೆ ಕೊಟ್ಟು ಬಂದಳು. ಈಗ ಕೊಡಬಹುದು, ಕೈ ಎತ್ತಿ ಮುಗಿದಿದೆ.

ಎಲ್ಲರೂ ಕೂತ ಮೇಲೆ ಇಂಚರಾ ಬಗ್ಗಿ ನೋಡಿ, "ಅಜ್ಜಾ, ನಿಮ್ಮ ಚೇರ್ ಲೆಗ್ ಔಟ್‌ಸೈಡ್ ಇದೆ" ಎಂದಳು. ನೋಡಿದರೆ ಹೌದು, ಆ ಮೂರಡಿ ಮೂಲೆಯಲ್ಲೇ ನನ್ನ ಕುರ್ಚಿಯ ಒಂದು ಕಾಲು ದಾರ ದಾಟಿ ಎರಡು ಬೆರಳು ಕರ್ಟಿಸ್‌ನ ಕಡೆಗೆ ಹೋಗಿತ್ತು. ನಾಲ್ಕು ಜನರ ಕೈ ಎತ್ತಿಸಿ ಬಂದವನು ನಾನು, ಐದನೆಯವಳ ಮುಖವೂ ಕಣ್ಣೆದುರು ಬಂತು. ಎದ್ದು ಕುರ್ಚಿಯನ್ನು ಎರಡು ಬೆರಳು ಒಳಗೆ ಎಳೆದುಕೊಂಡೆ. ಐದೂ ಜನ ಮೊಣಕೈಗೆ ಮೊಣಕೈ ತಾಕುವಷ್ಟು ಹತ್ತಿರ ಸರಿದು ಕೂತೆವು, ನಮ್ಮಾಕಿ ಮೊದಲನೆಯ ರೊಟ್ಟಿಯನ್ನು ಮುರಿದು ಅಳಿಯಂದಿರ ತಾಟಿಗೆ ಹಾಕಿದಳು, ಊಟ ಶುರುವಾಯಿತು.